ಮೂವತ್ತೊಂದನೇ ಮಾಸು ಹೊಳೆಯಲಿಲ್ಲ

ಮಗಾ ಶ್ರಾವಣಿ, ಮಗಾ ಪ್ರತೀಕ್,

ನಿಮ್ಮಿಬ್ಬರಿಗೂ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಹೋದರೆ ತಡವರಿಸುತ್ತೀರಿ. ಹಾಗಾಗಿ ಇದನ್ನು ನಿಮ್ಮ ಅಮ್ಮ ಓದಿ ಹೇಳಲಿ. ನಾನು ಮರಾಠಿ ಮಾತಾಡಬಲ್ಲೆ, ಬರೆಯಲಾರೆ. ಉಡುಪಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರವಷ್ಟೇ ನನ್ನ ಬಳಿ ಇರುವುದು.

ಹೋದ ಭಾನುವಾರ ಶ್ರಾವಣಿ ಕೇಳಿದಳು, "ಆಜಿ, ತೂ ಹಾಸ್ಪಿಟಲ್‌ಮಧೇ ನೇಮ್ಕಂ ಕಾಯ್ ಕರಾಯ್‌ಚೀಸ್?" ಆಸ್ಪತ್ರೆಯಲ್ಲಿ ನಾನು ನಿಜವಾಗಿ ಮಾಡುತ್ತಿದ್ದುದು ಏನು ಎಂದು. "ಎಂತದೂ ಇಲ್ಲ ಮಗಾ, ಒರೆಸುದು, ತೊಳೆಯುದು" ಎಂದು ಹೇಳಿ ನಾನು ಅಡಿಗೆಮನೆಗೆ ಹೋದೆ. ಅದು ಪೂರ್ತಿ ನಿಜವಲ್ಲ. ಬರುವ ವಾರದಿಂದ ಅವಳು ಠಾಣೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅವಳ ಮುಂದೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ. ಬರೆಯುವಾಗಲೂ ಗೊಂದಲವೇ. ಎಷ್ಟೋ ಸಂಗತಿ ನನಗೆ ಆಗಲೂ ಸರಿಯಾಗಿ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ತಿಳಿಯದ್ದನ್ನು ತಿಳಿದಿಲ್ಲ ಎಂದೇ ಬರೆಯುತ್ತೇನೆ.

ನಿಮ್ಮ ಅಜ್ಜ ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಅವರು ತೀರಿಕೊಂಡಾಗ ನಿಮ್ಮ ಅಮ್ಮ ಒಂದನೇ ತರಗತಿ. ಮೂರು ತಿಂಗಳ ನಂತರ ನಾನು ಡೊಂಬಿವಲಿ ಪೂರ್ವದ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಆಯಾ ಆಗಿ ಸೇರಿದೆ. ಅಲ್ಲಿ ನಮ್ಮನ್ನೆಲ್ಲ ಮಾವಶಿ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಹೆಸರು ಕೇಳುವವರು ಕಡಿಮೆ.

ಒರೆಸುವುದು ತೊಳೆಯುವುದರ ಜೊತೆಗೆ ಅಲ್ಲಿ ನನಗೆ ಇನ್ನೊಂದು ಕೆಲಸ ಕಲಿಸಿದರು. ಬಸುರಿಯರ ಮೂತ್ರ ಕಾಯಿಸಿ ನೋಡುವುದು. ಶ್ರಾವಣಿ, ನೀನು ಒಂದು ಪಟ್ಟಿ ಅದ್ದಿ ಬಣ್ಣ ನೋಡುತ್ತೀ. ನಮಗೆ ಗಾಜಿನ ನಳಿಕೆ, ಸ್ಪಿರಿಟ್ ದೀಪ, ಮರದ ಚಿಮ್ಮಟ. ನಳಿಕೆಯನ್ನು ಓರೆಯಾಗಿ ಹಿಡಿದು ಮೇಲಿನ ಅರ್ಧವನ್ನು ಮಾತ್ರ ಕಾಯಿಸಬೇಕು. ಕೆಳಗಿನ ಅರ್ಧ ತಿಳಿಯಾಗಿರುತ್ತದೆ, ಮೇಲಿನದು ಬೆಳ್ಳಗಾದರೆ ಎರಡು ಹನಿ ಆಸಿಡ್ ಬಿಡಬೇಕು. ಆಮೇಲೂ ಬಿಳಿ ಹೋಗದಿದ್ದರೆ ಸಿಸ್ಟರಿಗೆ ಹೇಳಬೇಕು. ಬಸುರಿಗೆ ಬೀಪಿ ಏರಿ, ಮೂತ್ರದಲ್ಲಿ ಬಿಳಿ ಬಂತು ಎಂದರೆ ಅಪಾಯ. ಇಷ್ಟೇ ನನಗೆ ಹೇಳಿಕೊಟ್ಟದ್ದು. ಆ ಕಾಯಿಲೆಗೆ ಪ್ರೀಎಕ್ಲಾಂಪ್ಸಿಯಾ ಎಂಬ ಹೆಸರಿದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ನಮ್ಮ ವಾರ್ಡಿನಲ್ಲಿ ಅಂಥವಳನ್ನು ಬೀಪಿವಾಲಿ ಎನ್ನುತ್ತಿದ್ದರು.

ಒಂದು ದಿನ ಮಧ್ಯಾಹ್ನ ಅಂಬರನಾಥದಿಂದ ಒಬ್ಬಳು ಬಂದಳು. ಚೊಚ್ಚಲು. ಮುಖ ಊದಿಕೊಂಡಿತ್ತು. ಬಳೆಗಳು ಮಣಿಕಟ್ಟಿಗೆ ಒತ್ತಿ ಗೆರೆ ಮೂಡಿತ್ತು. "ಮಾವಶಿ, ಡೋಕಂ ಫಾರ್ ದುಖತಂಯ್" ಎಂದಳು, ತಲೆ ಬಹಳ ನೋಯುತ್ತಿದೆ ಎಂದು. ಡಾಕ್ಟರು ಊಟಕ್ಕೆ ಹೋಗಿದ್ದರು. ಸಿಸ್ಟರ್ ಒಳಗೆ ಇನ್ನೊಂದು ಹೆರಿಗೆಯಲ್ಲಿದ್ದರು. ನಾನು ಮೂತ್ರ ಕಾಯಿಸಿದೆ. ಅದು ಬರೀ ಬೆಳ್ಳಗಾಗಲಿಲ್ಲ, ಬೆಂದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ನಿಂತುಬಿಟ್ಟಿತು. ನಾನು ಅಂಥದ್ದು ಅದುವರೆಗೆ ಕಂಡಿರಲಿಲ್ಲ. ನಳಿಕೆ ಸರಿಯಾಗಿ ತೊಳೆದಿಲ್ಲ, ತಪ್ಪು ನನ್ನದೇ ಎಂದುಕೊಂಡೆ. ಹಿಂದಿನ ವಾರವಷ್ಟೇ ಎರಡು ನಳಿಕೆ ಒಡೆದು ಬೈಸಿಕೊಂಡಿದ್ದೆ. ಬಾಗಿಲು ತಟ್ಟಿ ಸಿಸ್ಟರನ್ನು ಕರೆಯುವ ಬದಲು ಅದನ್ನು ಚೆಲ್ಲಿ, ನಳಿಕೆ ತೊಳೆದು, ಒಣಗಿಸಿ, ಅವಳಿಂದ ಮತ್ತೊಮ್ಮೆ ಮೂತ್ರ ತರಿಸಿ ಕಾಯಿಸಲು ಕೂತೆ. ಎರಡನೇ ಸಲವೂ ಹಾಗೇ ಗಟ್ಟಿಯಾಯಿತು. ಆಗ ಎದ್ದು ನಿಂತೆ. ಅಷ್ಟರಲ್ಲಿ ಬೆಂಚಿನ ಮೇಲೆ ಅವಳಿಗೆ ಫಿಟ್ಸ್ ಬಂತು.

ಅವಳು ಉಳಿದಳು. ಮಗು ಉಳಿಯಲಿಲ್ಲ.

ಸಿಸ್ಟರ್ ಕೇಳಿದರು, "ಯೂರಿನ್ ನೋಡಿದಿಯಾ?" ನಾನು "ನೋಡ್ತಾ ಇದ್ದೆ" ಎಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಮೊದಲನೇ ನಳಿಕೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ಆ ಅರ್ಧ ಗಂಟೆ ಮೊದಲು ಬಾಗಿಲು ತಟ್ಟಿದ್ದರೆ ಮಗು ಉಳಿಯುತ್ತಿತ್ತೋ ಇಲ್ಲವೋ, ಅದು ನನಗೆ ಗೊತ್ತಿಲ್ಲ. ದೊಡ್ಡ ದೊಡ್ಡ ಡಾಕ್ಟರರನ್ನು ಮುಂದೆ ಕಂಡೆ, ಅವರಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಮಗುವಿನ ಹಿಂದೆ ಬೀಳುವ ಮಾಸನ್ನು ತೆಗೆದು ಹಾಕುವುದು ಮಾವಶಿಯ ಕೆಲಸ. ಹೊಟ್ಟೆಯಲ್ಲಿ ಮಗುವಿಗೆ ತಾಯಿಯ ರಕ್ತದಿಂದ ಊಟ ಒದಗಿಸುವುದು ಅದೇ. ಆ ಅಂಬರನಾಥದವಳ ಮಾಸು ಅಂಗೈಯಷ್ಟೇ ಇತ್ತು, ಮಧ್ಯೆ ಮಧ್ಯೆ ಬೆಳ್ಳಗೆ ಗಟ್ಟಿ ಗಂಟು. ನಮ್ಮೂರಲ್ಲಿ ಮಾಸನ್ನು ಎಸೆಯುವ ಪದ್ಧತಿ ಇಲ್ಲ. ಮನೆಯ ಹಿಂದೆ ಗುಂಡಿ ತೋಡಿ, ಮಡಕೆಯಲ್ಲಿಟ್ಟು, ಅರಶಿನ ಹಚ್ಚಿ ಮುಚ್ಚುತ್ತಾರೆ. ಇಲ್ಲಿ ಹಳದಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ ಗಾಡಿಗೆ ಕೊಡಬೇಕು. ಚೀಲದ ಬಾಯಿ ಹಿಡಿದು ನಿಂತಾಗ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಬಾಣಂತಿಯರಿಗೆ ಅಡಿಗೆ ಮಾಡುವ ಕೋಣೆಯಿಂದ ಒಂದು ಚಿಟಿಕೆ ಅರಶಿನ ತಂದೆ. ನೀರಲ್ಲಿ ಕಲಸಿ, ಹೊಕ್ಕುಳಬಳ್ಳಿಯ ಬುಡದಲ್ಲಿ ಬೆರಳಿನಿಂದ ಹಚ್ಚಿದೆ. ಕ್ಷಮಿಸು ಎಂದು ಯಾರಿಗೆ ಹೇಳಿದೆನೋ, ತಾಯಿಗೋ ಮಗುವಿಗೋ, ಅದೂ ಗೊತ್ತಿಲ್ಲ.

ಅಂದಿನಿಂದ ಅದು ಅಭ್ಯಾಸವಾಯಿತು. ಬೀಪಿವಾಲಿಯರ ಮಾಸು ಬಂದರೆ ಒಂದು ಬೊಟ್ಟು ಅರಶಿನ. ಸೊಂಟದ ಚೀಲದಲ್ಲಿ ಒಂದು ಸಣ್ಣ ಪೊಟ್ಟಣ ಯಾವಾಗಲೂ ಇರುತ್ತಿತ್ತು. ಯಾರಿಗೂ ತೋರಿಸುತ್ತಿರಲಿಲ್ಲ. ಸಂಕ್ರಾಂತಿಯ ಹಳದೀಕುಂಕುಕ್ಕೆ, ಮುತ್ತೈದೆಯರ ಅರಶಿನ ಕುಂಕುಮಕ್ಕೆ, ಕರೆಯಲು ಬಂದ ನಮ್ಮ ಬಿಲ್ಡಿಂಗಿನ ಹೆಂಗಸರು ನನ್ನ ಬಾಗಿಲು ದಾಟಿ ಮುಂದಿನ ಬಾಗಿಲು ತಟ್ಟುತ್ತಿದ್ದುದು ನಿಮ್ಮ ಅಮ್ಮನಿಗೆ ನೆನಪಿದೆ. ಗಂಡ ಸತ್ತವಳ ಕೈಯ ಅರಶಿನ ತಮ್ಮ ಸೊಸೆಯ ಮಾಸಿಗೆ ತಾಗಿತೆಂದು ಗೊತ್ತಾದರೆ ಯಾವ ಅತ್ತೆ ಸುಮ್ಮನಿರುತ್ತಾಳೆ?

ಆ ಹೆರಿಗೆ ಆಸ್ಪತ್ರೆ ಮುಚ್ಚಿದ ಮೇಲೆ ಕಲ್ಯಾಣದ ಒಂದು ದೊಡ್ಡ ಆಸ್ಪತ್ರೆಗೆ ಸೇರಿದೆ. ಅಲ್ಲಿದ್ದವರು ನೀಲಾ ಡಾಕ್ಟರು. ಧಾರವಾಡದವರು, ಗಟ್ಟಿ ದನಿ, ನಕ್ಕರೆ ಕಾರಿಡಾರಿನ ಕೊನೆಗೆ ಕೇಳಬೇಕು. ನಾನು ಕನ್ನಡದವಳು ಎಂದು ತಿಳಿದ ದಿನ, "ಜಲಜಾಬಾಯಿ, ಇಷ್ಟ ದಿನ ಬಾಯಿ ಮುಚ್ಚಿಕೊಂಡು ಕೂತಿದ್ರಲ್ರಿ! ನಾ ನಿಮ್ಮ ಮುಂದ ನನ್ನ ಹರಕು ಮರಾಠಿ ಎಲ್ಲಾ ಖರ್ಚು ಮಾಡೀನಿ" ಎಂದರು. ಸುರೇಖಾ ಸಿಸ್ಟರ್ ನಕ್ಕು, "ಮಾವಶಿ ಬೋಲತಚ್ ನಾಹೀ, ಮ್ಯಾಡಮ್" ಎಂದರು. ಇವಳು ಬಾಯೇ ಬಿಡುವುದಿಲ್ಲ ಎಂದು.

ಬೀಪಿವಾಲಿಯರ ಮಾಸಿನಲ್ಲಿ ಏನು ಕೆಟ್ಟಿರುತ್ತದೆ ಎಂದು ನೀಲಾ ಡಾಕ್ಟರು ಹುಡುಕುತ್ತಿದ್ದರು. ಹೆರಿಗೆಗಳ ನಡುವೆ ಬಿಡುವು ಮಾಡಿಕೊಂಡು ನವಿ ಮುಂಬಯಿಯ ಒಂದು ಲ್ಯಾಬಿನಲ್ಲಿ ಆ ಕೆಲಸ. ಅವರಿಗೆ ಮಾಸಿನ ಚೂರು ತೆಗೆದು ಕೊಡುವವರು ಬೇಕಿತ್ತು. ವಾರ್ಡಿನಲ್ಲಿ ಎಲ್ಲರೂ ಮುಖ ಸಿಂಡರಿಸಿದರು. ನಾನು ಒಪ್ಪಿದೆ.

ಕೆಲಸ ಹೀಗೆ. ತಾಯಿ ಒಪ್ಪಿ ಕಾಗದಕ್ಕೆ ಸಹಿ ಹಾಕಿದ ಮೇಲೆಯೇ ಆ ಮಾಸು ನಮ್ಮದು. ಬಿದ್ದ ಕೂಡಲೇ ಸ್ಟೀಲ್ ಬೋಗುಣಿಯಲ್ಲಿ ತಂದು, ಬಳ್ಳಿಯ ಬುಡದಿಂದ ಎರಡು ಬೆರಳು ದೂರದಲ್ಲಿ ಬೇಳೆಯಷ್ಟು ದೊಡ್ಡ ಚೂರುಗಳನ್ನು ಕತ್ತರಿಸಬೇಕು. ಉಪ್ಪುನೀರಲ್ಲಿ ರಕ್ತ ಹೋಗುವವರೆಗೆ ತೊಳೆಯಬೇಕು. ಮದ್ದಿನ ಸಣ್ಣ ಬಾಟಲಿಗೆ ಹಾಕಿ ನಂಬರ್ ಬರೆಯಬೇಕು. ಹೆಸರು ಬರೆಯುವ ಹಾಗಿಲ್ಲ. ಬೀಪಿವಾಲಿಯದ್ದು, ಆರೋಗ್ಯವಂತೆಯದ್ದು, ಎರಡೂ ಬೇಕು, ಹೋಲಿಸಿ ನೋಡಲು. ವಾರಕ್ಕೊಮ್ಮೆ ಮಂಜುಗಡ್ಡೆಯ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಕಲ್ಯಾಣದಿಂದ ಠಾಣೆ, ಠಾಣೆಯಿಂದ ಗಾಡಿ ಬದಲಿಸಿ ಕೋಪರಖೈರಣೆ, ಅಲ್ಲಿಂದ ಶೇರ್ ರಿಕ್ಷಾ.

ಲೇಡೀಸ್ ಡಬ್ಬದಲ್ಲಿ ಎಲ್ಲರ ಕಣ್ಣು ನನ್ನ ಡಬ್ಬಿಯ ಮೇಲೆ. ಮೀನಿನ ಬುಟ್ಟಿಯ ಒಬ್ಬಳು ಒಮ್ಮೆ ಕೇಳಿಯೇ ಬಿಟ್ಟಳು, "ಕಾಯ್ ಗ, ಪಾಪ್ಲೆಟ್ ಕಾ?" ಅವಳಿಗೆ ಅದು ಪಾಂಫ್ರೆಟ್ ಮೀನಿನ ಡಬ್ಬಿಯಂತೆ ಕಂಡಿತ್ತು. ನಾನು ತಲೆಯಾಡಿಸಿದೆ. "ಕಿತೀಲಾ ದಿಲಂ?" ಎಂದು ದರ ಕೇಳಿದಳು. ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಡಬ್ಬ ಹತ್ತಿದೆ. ಇದನ್ನು ಹೇಳಿದಾಗ ನೀಲಾ ಡಾಕ್ಟರು ಕಣ್ಣೀರು ಬರುವ ಹಾಗೆ ನಕ್ಕರು.

ಅವರು ಹುಡುಕುತ್ತಿದ್ದುದು ಏನು ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅವರು ಹೇಳಿದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ.

"ನೋಡ್ರಿ ಜಲಜಾಬಾಯಿ, ಹಾರ್ಮೋನ್ ಅಂದ್ರ ರಕ್ತದಾಗ ಓಡೋ ಲೋಕಲ್ ಗಾಡಿ. ರಿಸೆಪ್ಟರ್ ಅಂದ್ರ ಅದು ನಿಲ್ಲೋ ಸ್ಟೇಷನ್. ಮಾಸಿನ ಮೈತುಂಬ ಇಂಥಾ ಸ್ಟೇಷನ್ ಅದಾವು. ಗಾಡಿ ನಿಂತ್ರ ಮಂದಿ ಇಳೀತಾರ, ಕೆಲಸ ನಡೀತದ. ನಿಲ್ಲದ ಹೋದ್ರ?"

"ಫಾಸ್ಟ್ ಗಾಡಿ ಠಾಕುರ್ಲಿಯಲ್ಲಿ ನಿಲ್ಲದ ಹಾಗೆ" ಎಂದೆ.

"ಹಾಂ! ಶಾಣ್ಯಾ ಇದ್ದೀರಿ."

"ಹಾಗಾದ್ರೆ ಈ ಹೆಂಗಸರಲ್ಲಿ ಸ್ಟೇಷನ್ ಮುಚ್ಚಿದೆಯಾ, ಗಾಡಿಯೇ ಬರ್ಲಿಲ್ವಾ?"

"ಅದ ನೋಡ್ರಿ ನನಗೂ ಗೊತ್ತಿಲ್ಲದ್ದು. ಸ್ಟೇಷನ್ ಕಡಿಮಿನೋ, ಜಾಸ್ತಿನೋ, ಇದ್ದೂ ಕೆಲಸ ಮಾಡವಲ್ವೋ. ಒಬ್ರು ಒಂದು ಅಂತಾರ, ಇನ್ನೊಬ್ರು ಇನ್ನೊಂದು ಅಂತಾರ. ಅದಕ್ಕ ನಿಮ್ಮನ್ನ ಡಬ್ಬಿ ಹೊತ್ತು ತಿರುಗಸಾಕ್ಹತ್ತೀನಿ."

ಡಾಕ್ಟರಿಗೇ ಗೊತ್ತಿಲ್ಲ ಎಂದರೆ ನನಗೆ ಗೊತ್ತಾಗದಿರುವುದು ಅವಮಾನವಲ್ಲ ಎಂದು ಆ ದಿನ ಸಮಾಧಾನವಾಯಿತು.

ಆದರೆ ನನ್ನ ಅಭ್ಯಾಸ ಬಿಡಲಿಲ್ಲ. ಬೀಪಿವಾಲಿಯ ಮಾಸು ಬೋಗುಣಿಗೆ ಬಂದ ಕೂಡಲೇ ಬಳ್ಳಿಯ ಬುಡಕ್ಕೆ ಒಂದು ಬೊಟ್ಟು ಅರಶಿನ, ಆಮೇಲೆ ಕತ್ತರಿ. ಬೊಟ್ಟು ಎಂದರೆ ಬರೀ ಬೊಟ್ಟಲ್ಲ, ಕೈ ಆಡಿದಷ್ಟು ದೂರ ಹರಡುತ್ತಿತ್ತು. ಇಡೀ ಮಾಸಿಗೆ ಹಚ್ಚಿದ ಹಾಗಾಗಲಿ ಎಂದು ಮೊದಲೇ ಹಚ್ಚುತ್ತಿದ್ದೆ. ಕತ್ತರಿಸಿದ ಮೇಲೆ ಉಪ್ಪುನೀರಲ್ಲಿ ನಾಲ್ಕು ಸಲ ತೊಳೆಯುತ್ತೇನಲ್ಲ, ಹೋಗುತ್ತದೆ ಎಂದುಕೊಂಡಿದ್ದೆ. ಸೀರೆಯ ಸೆರಗಿಗೆ ತಾಗಿದ ಅರಶಿನ ಹತ್ತು ಒಗೆತಕ್ಕೂ ಹೋಗುವುದಿಲ್ಲ ಎಂದು ಗೊತ್ತಿದ್ದವಳು ಇದನ್ನು ಹೇಗೆ ನಂಬಿದೆನೋ. ಚೂರು ಹಳದಿಯಾಗಿ ಕಾಣುತ್ತಿರಲಿಲ್ಲ, ಅದೇ ಸಾಕೆನಿಸಿತ್ತು.

ಇನ್ನೊಂದು ಮಾತು. ಅರಶಿನ ಹಚ್ಚಿದ ಮಾಸುಗಳ ನಂಬರನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹೆಸರಿಲ್ಲ, ನಂಬರ್, ಪಕ್ಕದಲ್ಲಿ ಒಂದು ಸಾಲು. 'ಮಗು ಅತ್ತಿತು.' 'ಅವಳಿ.' 'ಮಗು ಹೋಯಿತು, ತಾಯಿ ಮಾತಾಡುವುದಿಲ್ಲ.' ಶುಕ್ರವಾರ ದೀಪ ಹಚ್ಚುವಾಗ ಓದಿಕೊಳ್ಳುತ್ತಿದ್ದೆ. ಅದು ಆಸ್ಪತ್ರೆಯ ಕೆಲಸಕ್ಕೆ ಸಂಬಂಧಿಸಿದ್ದು ಎಂದು ನನಗೆ ಹೊಳೆದೇ ಇರಲಿಲ್ಲ.

ಎರಡನೇ ವರ್ಷದ ಕೊನೆಗೆ ಒಂದು ಬೆಳಿಗ್ಗೆ ನಾನು ಡಬ್ಬಿ ತೆಗೆದುಕೊಂಡು ಲ್ಯಾಬಿಗೆ ಹೋದಾಗ ನೀಲಾ ಡಾಕ್ಟರು ಬಾಗಿಲಲ್ಲೇ ನನ್ನ ಕೈ ಹಿಡಿದರು. "ಬರ್ರಿ ಇಲ್ಲೆ. ನಿಮ್ಮ ಕೈ ತಂದದ್ದು ಏನಂತ ನೋಡ್ರಿ."

ಕಿಟಕಿ ಮುಚ್ಚಿದ ಸಣ್ಣ ಕೋಣೆ. ಅಲ್ಲಿ ಮೈಕ್ರೋಸ್ಕೋಪು. ರಿಸೆಪ್ಟರುಗಳಿಗೆ ಅಂಟಿಕೊಂಡು ಹೊಳೆಯುವ ಒಂದು ಮದ್ದು ಇದೆ, ನೀಲಿ ಬೆಳಕು ಬಿಟ್ಟರೆ ಸ್ಟೇಷನ್ ಇದ್ದಲ್ಲೆಲ್ಲ ಹಸಿರು ದೀಪ ಹತ್ತುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲನೆಯ ಗಾಜಿನಲ್ಲಿ ಕತ್ತಲು, ಅಲ್ಲೊಂದು ಇಲ್ಲೊಂದು ಮಿಣುಕು. "ಇದು ಆರೋಗ್ಯವಂತೀದು." ಎರಡನೆಯದನ್ನು ಇಟ್ಟರು. ಇಡೀ ಗಾಜು ಹಸಿರು ಹೊನ್ನಿನ ಹಾಗೆ ಬೆಳಗಿತು.

"ಇದು ಬೀಪಿ ಇದ್ದಾಕೀದು. ಎಲ್ಲಾ ಹಿಂಗ ಅದಾವ್ರಿ. ಎಲ್ಲಾ!" ಅವರ ಕಣ್ಣಲ್ಲಿ ನೀರಿತ್ತು. ಇದು ನಿಜವಾದರೆ ಆ ಸ್ಟೇಷನ್ನನ್ನು ಬಂದ್ ಮಾಡುವ ಒಂದು ಗುಳಿಗೆಯನ್ನು ಬಸುರಿಯರಿಗೆ ಕೊಟ್ಟು ನೋಡಲು ದೊಡ್ಡವರ ಮುಂದೆ ಅರ್ಜಿ ಇಡಬಹುದಂತೆ. ಬರುವ ತಿಂಗಳ ಸಭೆಯಲ್ಲಿ ಹೇಳುತ್ತಾರಂತೆ. ನನಗೂ ಮೈ ಜುಮ್ಮೆಂದಿತು. ಅಂಬರನಾಥದವಳು ನೆನಪಾದಳು.

"ಎರಡಽ ಎರಡು ತಲಿ ತಿನ್ನಾಕ್ಹತ್ತ್ಯಾವು" ಎಂದು ಅವರು ಪಟ್ಟಿ ಬಿಡಿಸಿದರು. "ಹದಿನೇಳನೇ ನಂಬರ್ ಆರೋಗ್ಯವಂತೀದು, ಆದ್ರ ಝಗಝಗ ಹೊಳೀತದ. ಮೂವತ್ತೊಂದು ಬೀಪಿ ಇದ್ದಾಕೀದು, ಬಾಳ ಸೀರಿಯಸ್ ಇದ್ದಾಕಿ. ಅದು ಹೊಳ್ಯಾಂಗಿಲ್ಲ." ಪೆನ್ನಿನಿಂದ ಎರಡಕ್ಕೂ ಸುತ್ತು ಹಾಕಿ ನನ್ನ ಕಡೆ ತಿರುಗಿದರು. "ಜಲಜಾಬಾಯಿ, ಬೈಯಾಂಗಿಲ್ಲ, ಖರೇ ಹೇಳ್ರಿ. ಇವೆರಡರ ಚೀಟಿ ಅದಲಬದಲ ಮಾಡೀರೇನು?"

ಮಕ್ಕಳೇ, ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ಹದಿನೇಳು ಎಂದ ಕೂಡಲೇ ನನಗೆ ಆ ಹುಡುಗಿಯ ಮುಖ ಕಂಡಿತು. ಬೀಪಿ ಇರಲಿಲ್ಲ. ಹತ್ತೊಂಬತ್ತು ವರ್ಷ, ಜೊತೆಗೆ ಒಬ್ಬರೂ ಬಂದಿರಲಿಲ್ಲ, ಮಗುವನ್ನು ಯಾರ ಕೈಗೆ ಕೊಡಬೇಕೆಂದು ಸಿಸ್ಟರ್ ಕೇಳಿದಾಗ ನನ್ನ ಕಡೆ ಕೈ ತೋರಿಸಿದವಳು. ಪಾಪ ಎನಿಸಿ ಅವಳದ್ದಕ್ಕೂ ಒಂದು ಬೊಟ್ಟು ಇಟ್ಟಿದ್ದೆ. ಮೂವತ್ತೊಂದು ಬಂದ ದಿನ ಗಡಿಬಿಡಿಯಲ್ಲಿ ಪೊಟ್ಟಣವನ್ನು ಮನೆಯಲ್ಲೇ ಮರೆತಿದ್ದೆ.

ರಿಸೆಪ್ಟರ್ ನನಗೆ ತಿಳಿಯದು. ಆದರೆ ಇದು ತಿಳಿಯಿತು.

ಬಾಯಿ ತೆರೆದೆ. ಡಾಕ್ಟರು ಕಾಯುತ್ತಿದ್ದರು. "ಚೀಟಿ... ಇರಬಹುದು" ಎಂದೆ.

ಅವರು ನನ್ನ ಬೆನ್ನು ತಟ್ಟಿದರು. "ಅಷ್ಟ ಹೌದಲ್ಲೋ? ಮನಷ್ಯಾರ ಕೈ, ತಪ್ಪಾಗ್ತದ. ಹಂಗಾದ್ರ ಒಂದೂ ತಪ್ಪಿಲ್ಲದ ಹೊಂದ್ತದ!"

ನಾನು ಆಡಿದ ಒಂದು ಸುಳ್ಳಿನಿಂದ ಅವರ ಪಟ್ಟಿ ಪೂರ್ತಿ ಸರಿಯಾಯಿತು. ಖಾಲಿ ಡಬ್ಬಿ ಹಿಡಿದು ಸ್ಟೇಷನ್ನಿಗೆ ಬಂದೆ. ಠಾಣೆಯ ಗಾಡಿ ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಬೆಂಚಿನ ಮೇಲೆ ಕೂತು ಲೆಕ್ಕ ಹಾಕಲು ನೋಡಿದೆ. ಅರಶಿನ ಹೊಳೆಯುತ್ತದೆಯೇ? ಅಡಿಗೆಮನೆಯಲ್ಲಿ ಯಾವತ್ತೂ ಹೊಳೆದದ್ದು ಕಂಡಿಲ್ಲ. ನಾನು ಏಳನೇ ತರಗತಿಯವಳು, ನನ್ನ ಊಹೆಯೇ ತಪ್ಪಿರಬಹುದು. ತಪ್ಪಿದ್ದರೆ ಸುಮ್ಮನೆ ಅವರ ಸಂತೋಷ ಕೆಡಿಸಿದ ಹಾಗಾಗುತ್ತದೆ. ಸರಿಯಿದ್ದರೆ ಎರಡು ವರ್ಷದ ದುಡಿಮೆ ನೀರುಪಾಲು, ನನ್ನ ಕೆಲಸವೂ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ಎಂದೂ ತಿಳಿಯುವುದಿಲ್ಲ. ಬಸುರಿಯರು ಗುಳಿಗೆ ನುಂಗುತ್ತಾರೆ. ಇಲ್ಲದ ಸ್ಟೇಷನ್ನನ್ನು ಮುಚ್ಚುವ ಗುಳಿಗೆ.

ಎದುರಿನ ಪ್ಲಾಟ್‌ಫಾರ್ಮಿನಲ್ಲಿ ತುಂಬು ಬಸುರಿಯೊಬ್ಬಳು ನಿಂತಿದ್ದಳು. ಬಳೆ ಬಿಗಿಯಾಗಿದೆಯೋ ಎಂದು ನೋಡಲು ಕತ್ತು ಚಾಚಿದೆ. ಅಷ್ಟು ದೂರಕ್ಕೆ ಕಾಣಲಿಲ್ಲ. ಎದ್ದು ಮತ್ತೆ ರಿಕ್ಷಾ ಹಿಡಿದು ಲ್ಯಾಬಿಗೆ ಹೋದೆ.

ನೀಲಾ ಡಾಕ್ಟರು ಟಿಫಿನ್ ಬಿಚ್ಚಿ ಕೂತಿದ್ದರು. "ಏನ್ರಿ, ಗಾಡಿ ತಪ್ಪಿತೇನು?"

ನಾನು ಬಾಯಲ್ಲಿ ಹೇಳಲಾರದೆ ಪೊಟ್ಟಣವನ್ನು ಬಿಚ್ಚಿ ಅವರ ಮೇಜಿನ ಮೇಲಿಟ್ಟೆ.

"ಇದೇನು, ಅರಿಷಿಣ? ನನಗ್ಯಾಕ?"

"ನಾನು ಮಾಸಿಗೆ ಹಚ್ಚುದು" ಎಂದೆ. "ಬೀಪಿ ಇದ್ದವರದ್ದಕ್ಕೆ. ಕತ್ತರಿಸುವ ಮೊದಲು. ಹದಿನೇಳಕ್ಕೂ ಹಚ್ಚಿದ್ದೆ. ಮೂವತ್ತೊಂದಕ್ಕೆ ಹಚ್ಚಲಿಲ್ಲ. ಚೀಟಿ ಅದಲುಬದಲು ಆಗ್ಲಿಲ್ಲ. ನಾನು ಸುಳ್ಳು ಹೇಳಿದ್ದು."

ಅವರು ಮೊದಲು ನಕ್ಕರು. ನಾನು ನಗದಿರುವುದು ಕಂಡು ನಿಲ್ಲಿಸಿದರು. ಎದ್ದು, ಅರಶಿನದ ಪೊಟ್ಟಣವನ್ನು ಹಾಗೇ ಹಿಡಿದು ಮೈಕ್ರೋಸ್ಕೋಪಿನ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಗಾಜಿನ ಮೇಲೆ ನೀರಲ್ಲಿ ಒಂದಿಷ್ಟು ಅರಶಿನ ಕದಡಿ ನೀಲಿ ಬೆಳಕು ಬಿಟ್ಟರು. ಬಗ್ಗಿ ನೋಡಿ, "ಹೊಳೀತದ" ಎಂದರು. ಆಮೇಲೆ ಬೀಪಿವಾಲಿಯರ ಚೂರುಗಳಲ್ಲಿ ಹೊಳೆಯುವ ಮದ್ದು ಹಾಕದೇ ಉಳಿದಿದ್ದ ಒಂದನ್ನು ಇಟ್ಟರು. ಮದ್ದೇ ಹಾಕದ ಚೂರು ಬೆಳಗಬಾರದು. ಅದೂ ಬೆಳಗಿತು.

"ಜಲಜಾಬಾಯಿ, ನನಗ್ಯಾಕ ಮೊದಲಽ ಹೇಳಲಿಲ್ಲ?" ದನಿ ಗಟ್ಟಿಯಾಗಿರಲಿಲ್ಲ. ಅದೇ ಹೆದರಿಕೆಯಾಯಿತು.

"ನೀವು ಕೇಳ್ಲಿಲ್ಲ" ಎಂದೆ. ಎದುರು ಮಾತಾಡಿದ ಹಾಗಾಯಿತೇನೋ ಎಂದು ಇನ್ನೂ ಬೆವತೆ. "ನಾನು ಹೇಳುವ ಹಾಗೂ ಇರ್ಲಿಲ್ಲ. ನನ್ನ ಕೈಯ ಅರಶಿನ..."

ಅವರು ನನ್ನ ಬರಿ ಹಣೆಯನ್ನು ನೋಡಿದರು. "ಮನೀಗೆ ಹೋಗ್ರಿ" ಎಂದರು.

ಕೆಲಸ ಹೋಯಿತು ಎಂದೇ ತಿಳಿದೆ. ಮೂರು ದಿನ ಅವರು ವಾರ್ಡಿಗೆ ಬಂದರೂ ನನ್ನ ಕಡೆ ನೋಡಲಿಲ್ಲ. ಸುರೇಖಾ ಸಿಸ್ಟರಿಗೆ ಹೇಗೋ ಗೊತ್ತಾಗಿತ್ತು. "ಕಾಯ್ ಮಾವಶಿ, ಇವತ್ತು ಮಾಸಿಗೆ ಫೋಡಣಿ ಹಾಕ್ತೀಯಾ?" ಎಂದು ಚುಚ್ಚಿದರು. ಅರಶಿನ ಆಯಿತಲ್ಲ, ಇನ್ನು ಒಗ್ಗರಣೆಯೊಂದೇ ಬಾಕಿ ಎಂಬ ಅರ್ಥದಲ್ಲಿ. ವಾರ್ಡಿಗೆ ವಾರ್ಡೇ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ?

ನಾಲ್ಕನೇ ದಿನ ನೀಲಾ ಡಾಕ್ಟರು ಕರೆದರು. "ಯಾವ್ಯಾವಕ್ಕ ಹಚ್ಚೀರಿ ಅಂತ ನೆನಪದ ಏನು? ಎಲ್ಲಾ ನೆನಪಿರೂದು ಸಾಧ್ಯನೂ ಇಲ್ಲ ಬಿಡ್ರಿ."

ನಾನು ನೋಟ್‌ಬುಕ್ ಕೊಟ್ಟೆ. ಅವರು ಒಂದೊಂದೇ ಪುಟ ತಿರುವಿದರು. ನಂಬರುಗಳ ಪಕ್ಕದ ಸಾಲುಗಳನ್ನೂ ಓದಿದರು, ತುಟಿ ಅಲುಗುವುದು ಕಾಣುತ್ತಿತ್ತು. ಕೊನೆಯ ಪುಟದಲ್ಲಿ ಕೈಯಿಟ್ಟು ಕೂತುಬಿಟ್ಟರು.

"ನನ್ನದೂ ತಪ್ಪದ" ಎಂದರು ಆಮೇಲೆ. "ಮದ್ದು ಹಾಕದ ಚೂರು ಎರಡೂ ಗುಂಪಿನ್ಯಾಗ ನೋಡಬೇಕಿತ್ತು. ನಾ ಆರೋಗ್ಯವಂತರ್ದು ಅಷ್ಟ ನೋಡಿ ಬಿಟ್ಟೆ. ಕತ್ತಲ ಕಾಣ್ತು, ಸಾಕು ಅಂದೆ. ಮೊದಲಽ ನೋಡಿದ್ರ ಮೊದಲನೇ ತಿಂಗಳದಾಗ ಸಿಕ್ಕ ಬೀಳ್ತಿತ್ತು. ನಮಗ ಬೇಕಾದ್ದು ಕಂಡಾಗ ಮತ್ತ ಯಾರು ಹುಡುಕ್ತಾರ?"

ಶ್ರಾವಣಿ, ಈ ಮಾತನ್ನು ನಾನು ಅರ್ಧವೇ ಅರ್ಥ ಮಾಡಿಕೊಂಡೆ. ನಿನಗೆ ಪೂರ್ತಿ ಆಗಬಹುದು.

ಸಭೆಯಲ್ಲಿ ಅವರು ಗೆದ್ದ ಕಥೆಯ ಬದಲು ಈ ಕಥೆಯನ್ನೇ ಹೇಳಿದರಂತೆ. ನನ್ನ ಹೆಸರು ಹೇಳಬೇಡಿ ಎಂದು ಕೇಳಿಕೊಂಡಿದ್ದೆ, ಹೇಳಲಿಲ್ಲ. ಅವರ ಮೇಲಿನ ದೊಡ್ಡ ಸಾಹೇಬರು, ಆಯಾಗಳ ಕೈಗೆ ಇಂಥ ಕೆಲಸ ಕೊಟ್ಟದ್ದೇ ತಪ್ಪು ಎಂದು ರೇಗಿದರಂತೆ. ನೀಲಾ ಡಾಕ್ಟರು, "ಆಕಿ ಹೇಳದಿದ್ರ ನೀವೂ ನಾನೂ ಇನ್ನೂ ಚಪ್ಪಾಳಿ ಹೊಡೀತಿದ್ವಿ" ಎಂದು ಉತ್ತರ ಕೊಟ್ಟರಂತೆ. ಇಂಗ್ಲಿಷಿನಲ್ಲಿ ಹೇಳಿರಬೇಕು. ನನಗೆ ಹೇಳಿದ್ದು ಹೀಗೆ.

ಹಳೆಯ ಚೂರುಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಿದರು. ಬಾಟಲಿಯ ಜೊತೆ ಹೋಗುವ ಕಾಗದಕ್ಕೆ ಒಂದು ಹೊಸ ಸಾಲು ಬಂತು. ಕತ್ತರಿಸುವ ಮೊದಲು ಯಾರು ಮುಟ್ಟಿದರು, ಏನು ತಾಗಿತು ಎಂದು. ಅದನ್ನು ತುಂಬುವವಳು ನಾನೇ. ನನ್ನನ್ನು ತೆಗೆದುಹಾಕಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಕೇಳುವ ಧೈರ್ಯ ನನಗೆ ನಿವೃತ್ತಿಯಾಗುವ ದಿನದವರೆಗೂ ಬರಲಿಲ್ಲ.

ಈ ಹೊಸ ಸುತ್ತಿನ ಮೊದಲ ಬೀಪಿವಾಲಿ ಉಲ್ಹಾಸನಗರದವಳು. ಏಳು ತಿಂಗಳಿಗೇ ಹೆರಿಗೆ ಮಾಡಿಸಬೇಕಾಯಿತು. ಮಗು ಹೋಯಿತು. ಬೋಗುಣಿ ಬಂತು. ಅಂದು ನನ್ನ ಸೊಂಟದಲ್ಲಿ ಪೊಟ್ಟಣ ಇರಲಿಲ್ಲ. ಲ್ಯಾಬಿನ ಮೇಜಿನ ಮೇಲಿಟ್ಟ ಆ ದಿನದಿಂದ ನಾನು ಅದನ್ನು ಇಟ್ಟುಕೊಂಡಿರಲಿಲ್ಲ. ಚೂರು ಕತ್ತರಿಸಿದೆ, ತೊಳೆದೆ, ಬಾಟಲಿಗೆ ಹಾಕಿದೆ, ನಂಬರ್ ಬರೆದೆ, ಕಾಗದದ ಹೊಸ ಸಾಲಿನಲ್ಲಿ 'ಏನೂ ಇಲ್ಲ' ಎಂದು ತುಂಬಿದೆ. ಉಳಿದ ಮಾಸನ್ನು ಹಳದಿ ಚೀಲಕ್ಕೆ ಹಾಕಲು ಎತ್ತಿದೆ. ಕೈ ಮತ್ತೆ ಅಲ್ಲೇ ನಿಂತಿತು.

ನೀಲಾ ಡಾಕ್ಟರು ಬಂದು ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿ, ಅದನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕೋಣೆಯ ಹೊರಗಿಟ್ಟು ಬಂದರು. ಆಮೇಲೆ ತಮ್ಮ ಕೋಟಿನ ಜೇಬಿನಿಂದ ನನ್ನ ಅದೇ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಅಷ್ಟು ದಿನ ಅವರ ಬಳಿಯೇ ಇತ್ತು.

"ನನ್ನ ಕೆಲಸ ಮುಗೀತು" ಎಂದರು. "ಈಗ ಹಚ್ರಿ."

ನಾನು ಹಚ್ಚಿದೆ. ಅವರು ಬೋಗುಣಿ ಹಿಡಿದುಕೊಂಡರು.

ಹೊಸ ಚೂರುಗಳಲ್ಲಿ ಏನು ಕಂಡಿತು ಎಂದು ಕೇಳುತ್ತೀರಿ. ನಾನೂ ಕೇಳಿದ್ದೆ. ಕೆಲವರಲ್ಲಿ ಸ್ಟೇಷನ್ ಸ್ವಲ್ಪ ಕಡಿಮೆ, ಕೆಲವರಲ್ಲಿ ಸ್ವಲ್ಪ ಹೆಚ್ಚು, ಕೆಲವರಲ್ಲಿ ಎಂತದೂ ವ್ಯತ್ಯಾಸವಿಲ್ಲ. ಬೀಪಿವಾಲಿಯರೆಲ್ಲ ಒಂದೇ ಕಾಯಿಲೆಯವರಲ್ಲವೋ ಏನೋ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಗುಳಿಗೆಯ ಅರ್ಜಿ ಹೋಗಲಿಲ್ಲ. ಈಗ ಅವರು ಬೇರೆ ಊರಿನಲ್ಲಿ ಇನ್ನೂ ಹುಡುಕುತ್ತಿದ್ದಾರೆ. ಸ್ಟೇಷನ್ ಮುಚ್ಚಿತ್ತೋ ಗಾಡಿ ಬರಲಿಲ್ಲವೋ, ನಾನು ಸಾಯುವುದರೊಳಗೆ ತಿಳಿಯುತ್ತದೆ ಎಂದು ಅನಿಸುವುದಿಲ್ಲ.

ಶ್ರಾವಣಿ, ನಳಿಕೆಯಲ್ಲಿ ಗಟ್ಟಿಯಾಗಿ ನಿಂತದ್ದನ್ನು ಕಂಡರೆ ತೊಳೆಯಬೇಡ, ಮೊದಲು ಬಾಗಿಲು ತಟ್ಟು. ಬೈದರೆ ಬೈಯಲಿ. ಇದಕ್ಕಿಂತ ಹೆಚ್ಚಿನ ಬುದ್ಧಿ ಹೇಳಲು ನನ್ನ ಹತ್ತಿರ ಇಲ್ಲ.

ನೀವು ಗಮನಿಸಿರಬಹುದು, ಇದನ್ನು ನಾನು ಬರೆದಿರುವುದು ಹೊಸ ನೋಟ್‌ಬುಕ್ಕಿನಲ್ಲಿ ಅಲ್ಲ. ನೀಲಾ ಡಾಕ್ಟರು ನಂಬರುಗಳನ್ನು ನಕಲು ಮಾಡಿಕೊಂಡು ಹಿಂದಿರುಗಿಸಿದ ಅದೇ ನೋಟ್‌ಬುಕ್ಕು, ಉಳಿದಿದ್ದ ಖಾಲಿ ಹಾಳೆಗಳು. ಪ್ರತೀಕ್, ನಿನಗೆ ಹಳೆಯದನ್ನೆಲ್ಲ ರದ್ದಿಗೆ ಕೊಡುವ ಅವಸರ ಜಾಸ್ತಿ. ನಾನು ಈಗ ಬರೆದ ಈ ಕೊನೆಯ ಹಾಳೆಗಳು ಹೋದರೂ ಹೋಗಲಿ. ನಂಬರುಗಳಿರುವ ಮೊದಲಿನ ಹಾಳೆಗಳನ್ನು ಮಾತ್ರ ಇಬ್ಬರೂ ಜೋಪಾನ ಮಾಡಿ. ಅವುಗಳ ಅಂಚಿನಲ್ಲಿ ನನ್ನ ಬೆರಳಿನ ಹಳದಿ ಇನ್ನೂ ಇದೆ. ಒಂದೊಂದು ನಂಬರ್ ಒಬ್ಬೊಬ್ಬ ತಾಯಿ. ಮೊದಲನೇ ಸಾಲಿನಲ್ಲಿ ನಂಬರ್ ಇಲ್ಲ, ಆಗ ನಂಬರ್ ಹಾಕುತ್ತಿರಲಿಲ್ಲ. ಅಲ್ಲಿ 'ಅಂಬರನಾಥ' ಎಂದಷ್ಟೇ ಬರೆದಿದ್ದೇನೆ.